ಕಾಯಿಲ್ ಹಾಕಿಕೊಂಡು ಕೂತ ಕಥೆ

ಇಟಲಿಯ ಮಿಲಾನಿನಲ್ಲಿ ಸೊಳ್ಳೆ ಇಲ್ಲ ಅನ್ನುವವರು ಜುಲೈ ತಿಂಗಳಲ್ಲಿ ಇಲ್ಲಿ ಒಂದು ರಾತ್ರಿ ಮಲಗಿ ನೋಡಬೇಕು. ಪೋ ನದಿಯ ಬಯಲು, ಗಾಳಿಯಾಡದ ಸೆಕೆ, ಊರಾಚೆ ಭತ್ತದ ಗದ್ದೆ. ಸೊಳ್ಳೆಗೆ ಇನ್ನೇನು ಬೇಕು?

ಈ ಗೋಳನ್ನೆಲ್ಲ ತೀರ್ಥಹಳ್ಳಿಯಲ್ಲಿದ್ದ ಅಮ್ಮನಿಗೆ ಫೋನಿನಲ್ಲಿ ತೋಡಿಕೊಂಡಿದ್ದೆ. ಕೊನೆಗೆ ಅವಳು, "ಈಗ ಎಂತ ಮಾಡ್ತಿದೀಯ?" ಅಂದಳು.

"ಲಕೂನಾ ಕಾಯಿಲ್ ಹಾಕ್ಕೊಂಡು ಕೂತಿದೀನಿ" ಅಂದೆ.

ಮುಂದಿನ ತಿಂಗಳು ಅಮ್ಮ ಬಂದಿಳಿದಾಗ ಸೂಟ್‌ಕೇಸಿನಲ್ಲಿ ಹಪ್ಪಳಕ್ಕಿಂತ ಸೊಳ್ಳೆ ಬತ್ತಿಯೇ ಜಾಸ್ತಿ. "ಅದೆಂಥದೋ ಲಕೂನಾ ಕಂಪನಿದು ಪ್ರಯೋಜನ ಇಲ್ಲ ಅಂತ ಕಾಣ್ತದೆ. ನಮ್ಮೂರಿಂದೇ ತಂದೆ."

ಅದು ಬತ್ತಿಯಲ್ಲ, ಇದೇ ಊರಿನ ರಾಕ್ ಬ್ಯಾಂಡು, 1994ರಿಂದ ಇದೆ, ಆ ಹೆಸರಿಗೆ 'ಖಾಲಿ ಸುರುಳಿ' ಅಂತ ಅರ್ಥ ಎಂದೆಲ್ಲ ವಿವರಿಸಿದೆ. "ಖಾಲಿ ಆದದ್ದಕ್ಕೇ ಸೊಳ್ಳೆ ಹೋಗ್ಲಿಲ್ಲ" ಅಂದಳು.

ನಾನು ಹಾಕಿಕೊಂಡು ಕೂತಿದ್ದು 'ಕೊಮಲೈಸ್ ಎಕ್ಸ್‌ಎಕ್ಸ್'. 2002ರಲ್ಲಿ ಬಂದ 'ಕೊಮಲೈಸ್' ಆಲ್ಬಮ್ಮಿನ 13 ಹಾಡುಗಳನ್ನೂ 20 ವರ್ಷ ತುಂಬಿದ ನೆಪದಲ್ಲಿ ಬಿಚ್ಚಿ, ಹೊಸದಾಗಿ ಕಟ್ಟಿ, 2022ರಲ್ಲಿ ಹೊರತಂದದ್ದು. ಹಳೇ ಹಾಡನ್ನು ಮತ್ತೆ ಹಾಡುವುದೆಂದರೆ ನನ್ನ ಲೆಕ್ಕದಲ್ಲಿ ನಿನ್ನೆಯ ಸಾರಿಗೆ ನೀರು ಬೆರೆಸಿದ ಹಾಗೆ. ಇವರು ಮಾತ್ರ ಸಾರನ್ನು ಬತ್ತಿಸಿ ಗೊಜ್ಜು ಮಾಡಿದ್ದಾರೆ. ಗಿಟಾರಿಗೆ ಭಾರ ಬಂದಿದೆ. ಮೊದಲು ಗದರುವಷ್ಟಕ್ಕೆ ನಿಲ್ಲಿಸುತ್ತಿದ್ದ ಗಾಯಕ ಆಂದ್ರೆಯಾ ಫೆರ್ರೊ ಈಗ ಹೊಟ್ಟೆಯಾಳದಿಂದ ಗರ್ಜಿಸುತ್ತಾರೆ. ಅದರ ಮೇಲೆ ಗಾಯಕಿ ಕ್ರಿಸ್ತೀನಾ ಸ್ಕಾಬಿಯಾ, ಏನೂ ಆಗಿಯೇ ಇಲ್ಲವೆಂಬಂತೆ, ದನಿ ಎತ್ತಿ ತೇಲಿಕೊಂಡು ಹೋಗುತ್ತಾರೆ.

ಪ್ಯಾಕೆಟ್ಟಿನಲ್ಲಿ ಎರಡು ಸೊಳ್ಳೆ ಬತ್ತಿ ಒಂದರೊಳಗೊಂದು ಸುತ್ತಿಕೊಂಡಿರುತ್ತವಲ್ಲ, ಹಾಗೆ ಈ ಎರಡು ದನಿ. ಬಿಡಿಸಲು ಹೋದರೆ ಯಾವುದಾದರೊಂದು ಮುರಿಯುತ್ತದೆ. ಅಮ್ಮ ಬಂದ ರಾತ್ರಿಯೇ ನಾನು ಬಿಡಿಸಲು ಹೋಗಿ ಎರಡೂ ಬತ್ತಿ ಸೇರಿ ಐದು ತುಂಡಾಗಿತ್ತು. ಅದರಲ್ಲೇ ಉದ್ದದ್ದೊಂದನ್ನು ತಟ್ಟೆಯ ಅಂಚಿಗೆ ಆನಿಸಿ ಹಚ್ಚಿಟ್ಟೆ.

ಗಂಟೆ ಹನ್ನೊಂದು. ಅಮ್ಮ ಮಲಗಿದಳಲ್ಲ ಅಂತ ಹೆಡ್‌ಫೋನ್ ಕಿವಿಗೇರಿಸಿ, ಮೊದಲನೇ ಹಾಡು 'ಸ್ವಾಂಪ್ಡ್' ಒತ್ತಿದೆ. ಏನೂ ಕೇಳಿಸಲಿಲ್ಲ. ಸದ್ದು ಏರಿಸಿದೆ. ಇಲ್ಲ. ಇನ್ನೂ ಏರಿಸಿದೆ. ಇಷ್ಟು ದುಡ್ಡು ಕೊಟ್ಟ ಹೆಡ್‌ಫೋನು ಮೂರೇ ತಿಂಗಳಿಗೆ ಕೆಟ್ಟಿತೇ ಎಂದು ತಯಾರಿಸಿದವರ ವಂಶವನ್ನೆಲ್ಲ ನೆನೆಯುತ್ತ ತುತ್ತತುದಿಗೆ ಏರಿಸಿದೆ. ಆಗ ನೆಲ ಅದುರಿತು. ಹಾಡೆಲ್ಲ ಬ್ಲೂಟೂತಿನ ದಾರಿ ಹಿಡಿದು, ಅಮ್ಮನ ಮಂಚದ ಪಕ್ಕದ ಸ್ಪೀಕರಿಗೆ ಹೋಗಿ ಕೂತಿತ್ತು.

ಓಡಿ ಹೋಗಿ ನೋಡಿದರೆ ಅಮ್ಮ ಎದ್ದು ಕೂತಿದ್ದಾಳೆ. ಹೆದರಿಕೆಯ ಸುಳಿವೂ ಇಲ್ಲ. "ಆಟ ಹಾಕಿದೀಯೇನೋ? ಹೆಣ್ಣು ಭಾಗವತಿಕೆ ಚೆನ್ನಾಗಿ ಮಾಡ್ತಾಳೆ. ಬಣ್ಣದ ವೇಷದ ಅಬ್ಬರ ಸ್ವಲ್ಪ ಜಾಸ್ತಿಯಾಯ್ತು."

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಕೆಳಮನೆಯ ಅಜ್ಜಿ, ನೈಟಿಯ ಮೇಲೊಂದು ಶಾಲು. ಬೈಯಲು ಬಂದದ್ದಲ್ಲ, ಹೆಂಗಸೊಬ್ಬಳ ಕೂಗು, ಗಂಡಸೊಬ್ಬನ ಆರ್ಭಟ ಕೇಳಿ ಒಳಗೆ ಗಂಡ ಹೆಂಡತಿ ಹೊಡೆದಾಡುತ್ತಿದ್ದಾರೆ ಅಂದುಕೊಂಡಿದ್ದರು. ಬ್ಯಾಂಡು ಇದೇ ಊರಿನದಾದರೂ ಹಾಡು ಇಂಗ್ಲಿಷಿನದು. ಅವರಿಗೆ ಒಂದಕ್ಷರ ತಿಳಿಯಬೇಕಲ್ಲ. ಅಮ್ಮನ ಕೈ ಹಿಡಿದು, ಕಾಳಜಿಯಿಂದ, "ತುತ್ತೊ ಬೇನೆ?" ಅಂದರು. ಎಲ್ಲ ಸರಿಯಿದೆಯಾ, ಅಂತ.

ಅಮ್ಮನಿಗೆ ಕೇಳಿಸಿದ್ದು ತುತ್ತು ಮತ್ತು ಬೇನೆ. "ಪಾಪ, ಉಂಡದ್ದು ಹೊಟ್ಟೆಬೇನೆಯಾಗಿದೆ ಕಣೋ!" ಎಂದವಳೇ ಜೀರಿಗೆ ಕಷಾಯಕ್ಕೆ ನೀರಿಟ್ಟಳು. ನಡುವೆ ದುಭಾಷಿಯಾಗಬೇಕಿದ್ದ ನಾನು ಸ್ಪೀಕರಿನ ಗುಂಡಿ ಹುಡುಕುವುದರಲ್ಲಿದ್ದೆ.

ಅಜ್ಜಿ ಕಷಾಯವನ್ನು ಪೂರ್ತಿ ಕುಡಿದರು. ಮೂಲೆಯಲ್ಲಿ ಹೊಗೆಯಾಡುತ್ತಿದ್ದ ತುಂಡು ಕಂಡದ್ದೇ ತಡ, ಮುಖ ಅರಳಿತು: "ಓ, ಝಂಪಿರೋನೆ!" ಸೊಳ್ಳೆ ಬತ್ತಿಗೆ ಇಲ್ಲಿಯವರು ಹಾಗೇ ಅನ್ನುವುದು; ಝಂಪಿರೋನಿ ಎಂಬ ಔಷಧಿ ಅಂಗಡಿಯವರಿಂದ ಬಂದ ಹೆಸರಂತೆ. ಅಮ್ಮ ಒಂದು ಪ್ಯಾಕೆಟ್ ತಂದು ಅವರ ಕೈಗಿಟ್ಟಳು.

ಹೊರಡುವಾಗ ಅಜ್ಜಿ ಬಾಗಿಲಲ್ಲಿ ನಿಂತು, ಹಾಗಾದರೆ ಆ ಗಲಾಟೆಯೆಲ್ಲ ಯಾವುದರದ್ದು ಅಂತ ನನ್ನನ್ನು ಕೇಳಿದರು.

"ಲಕೂನಾ ಕಾಯಿಲ್" ಅಂದೆ.

ಅವರು ಕೈಯಲ್ಲಿದ್ದ ಪ್ಯಾಕೆಟ್ಟಿನ ಮೇಲಿನ ಇಂಗ್ಲಿಷ್ ಅಕ್ಷರ ಓದಿದರು. ಆಮೇಲೆ ಅದನ್ನು ಮೆಲ್ಲಗೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.