ಹುಳಿ ಬಿದ್ದ ಕಡಲೆಕಾಳು

ತಟ್ಟೆಯಲ್ಲಿ ಅರ್ಧ ಭಾಗ ತರಕಾರಿ, ಕಾಲು ಭಾಗ ಕಾಳು, ಉಳಿದ ಕಾಲು ಭಾಗ ಮಾತ್ರ ಅನ್ನ ಇರಬೇಕೆಂದು ವೈದ್ಯರು ಕಾಗದದ ಮೇಲೆ ದುಂಡಗೆ ಬರೆದು ತೋರಿಸಿದ ವಾರವೇ ನನ್ನ ಹೆಂಡತಿ ಮಗಳ ಬಾಣಂತನಕ್ಕೆಂದು ಹುಬ್ಬಳ್ಳಿಗೆ ಹೊರಟು ನಿಂತಳು. “ಪಲ್ಯ ಮಾಡಿಕೊಳ್ಳೋಕೆ ಏನು ಮಹಾ ವಿದ್ಯೆ ಬೇಕ್ರೀ? ಬೇಯಿಸಿ, ಒಗ್ಗರಣೆ ಹಾಕಿ, ಕಾಯಿತುರಿ ಉದುರಿಸಿದರೆ ಆಯ್ತು” ಎಂದು ಆಕೆ ಮೈಸೂರಿನ ರೈಲು ನಿಲ್ದಾಣದಲ್ಲಿ ಹೇಳಿದ ಮಾತನ್ನು ನಾನು ನಂಬಿದೆ.

ಮೊದಲ ದಿನ ಹುರುಳಿಕಾಯಿ. ಅರ್ಧ ಕಿಲೋ ಕಾಯಿಯ ನಾರು ತೆಗೆದು, ಒಂದೊಂದು ತುಂಡೂ ಒಂದೇ ಅಳತೆಯಲ್ಲಿರಬೇಕೆಂಬ ಹಟದಿಂದ ಹೆಚ್ಚುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಬಾಣಲೆಗೆ ಧಾರಾಳವಾಗಿ ನೀರು ಸುರಿದು, ಮುಚ್ಚಳ ಮುಚ್ಚಿ, ದಿನಪತ್ರಿಕೆ ಹಿಡಿದು ಕುಳಿತೆ. ಸಂಪಾದಕೀಯ ಮುಗಿಸಿ ಬಂದು ನೋಡಿದರೆ ಹಸಿರು ಕಾಯಿಗಳೆಲ್ಲ ಪೊಲೀಸ್ ಇಲಾಖೆಗೆ ಸೇರಿದಂತೆ ಖಾಕಿ ಬಣ್ಣಕ್ಕೆ ತಿರುಗಿದ್ದವು. ಮರುದಿನದ ಹೆಸರುಬೇಳೆ ಕೋಸಂಬರಿಯ ಕಥೆ ಚಿಕ್ಕದು: ಬೆಳಿಗ್ಗೆಯೇ ಉಪ್ಪು ಬೆರೆಸಿಟ್ಟದ್ದರಿಂದ ಸೌತೆಕಾಯಿ ನೀರು ಬಿಟ್ಟು, ಮಧ್ಯಾಹ್ನ ಅದನ್ನು ಲೋಟದಲ್ಲಿ ಕುಡಿಯಬೇಕಾಯಿತು.

ನಿಜವಾದ ಪರೀಕ್ಷೆ ಎದುರಾದದ್ದು ಕಡಲೆಕಾಳಿನಿಂದ. ಒಬ್ಬನಿಗೆ ಎಷ್ಟು ಬೇಕೆಂಬ ಅಂದಾಜಿಲ್ಲದೆ ಒಂದು ಪಾವು ಕಾಳು ನೆನೆಹಾಕಿದ್ದೆ. ರಾತ್ರಿ ಪಾತ್ರೆಯ ಅರ್ಧಕ್ಕಿದ್ದದ್ದು ಬೆಳಿಗ್ಗೆ ಮುಚ್ಚಳವನ್ನು ತಲೆಯ ಮೇಲೆ ಎತ್ತಿಕೊಂಡು ಕುಳಿತಿತ್ತು. ಹುಣಸೆಹಣ್ಣು ಹೇಗಿದ್ದರೂ ಕೊನೆಗೆ ಸೇರಬೇಕಾದದ್ದೇ ತಾನೆ, ಒಂದು ಕೆಲಸ ಉಳಿಯಲಿ ಎಂದುಕೊಂಡು, ನಿಂಬೆಯ ಗಾತ್ರದ ಹಣ್ಣನ್ನು ಕಿವುಚಿ ಆ ರಸವನ್ನು ಕಾಳಿನ ಜೊತೆಗೇ ಕುಕ್ಕರಿಗೆ ಸುರಿದೆ. ನಾಲ್ಕು ಕೂಗು ಕೂಗಿಸಿ ತೆಗೆದರೆ ಕಾಳು ಕಲ್ಲಿನಂತಿತ್ತು. ಮತ್ತೆ ನಾಲ್ಕು ಕೂಗಿಸಿದೆ. ಬೆರಳುಗಳ ನಡುವೆ ಹಿಡಿದು ಒತ್ತಿದರೆ ಹಿಸುಕಿಹೋಗಬೇಕಾದ ಕಾಳು ಪುಟಿದು, ಕಿಟಕಿಯ ಗಾಜಿಗೆ ಟಣ್ಣೆಂದು ಬಡಿದು, ಒಲೆಯ ಕೆಳಗೆ ಉರುಳಿತು. ಹನ್ನೆರಡನೆಯ ಕೂಗಿಗೆ ಪಕ್ಕದ ಮನೆಯ ಮೇಷ್ಟ್ರು ಕಾಂಪೌಂಡಿನ ಮೇಲಿಂದ ತಲೆ ಹಾಕಿ, “ಏನ್ ಸ್ವಾಮಿ, ಮನೇಲಿ ಮದುವೆಯೇ?” ಎಂದು ವಿಚಾರಿಸಿದರು.

ಅವರು ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಕಾಳಿನ ಜೀವಕೋಶಗಳನ್ನು ಅಂಟಿನಂತೆ ಹಿಡಿದಿಟ್ಟಿರುವ ಪೆಕ್ಟಿನ್ ಕರಗಿದರೆ ಮಾತ್ರ ಕಾಳು ಮೆತ್ತಗಾಗುತ್ತದೆ, ಹುಳಿಯು ಅದನ್ನು ಸುಲಭವಾಗಿ ಕರಗಲು ಬಿಡುವುದಿಲ್ಲ, ಆದುದರಿಂದ ಬೆಂದ ಮೇಲೆಯೇ ಹುಳಿ ಹಾಕಬೇಕು ಎಂಬುದನ್ನು, ಎದುರಿಗೆ ಕರಿಹಲಗೆ ಇಲ್ಲದ ಕೊರತೆಯನ್ನು ಗೋಡೆಯ ಮೇಲೆ ಬೆರಳಾಡಿಸಿ ತುಂಬಿಕೊಳ್ಳುತ್ತಾ, ಇಪ್ಪತ್ತು ನಿಮಿಷ ವಿವರಿಸಿದರು. ಈ ತತ್ತ್ವವನ್ನು ನನ್ನ ಅಜ್ಜಿ “ಹುಳಿ ಬಿದ್ದ ಮೇಲೆ ಬೇಯಲ್ಲ ಕಣೋ” ಎಂದು ಐದು ಪದಗಳಲ್ಲಿ ಹೇಳಿದ್ದು ನನಗೆ ಆಗ ನೆನಪಾಯಿತು. ಅರ್ಧ ಗಂಟೆ ಮೊದಲು ನೆನಪಾಗಿದ್ದರೆ ಗ್ಯಾಸಾದರೂ ಉಳಿಯುತ್ತಿತ್ತು.

ಕಾರಣ ಮೇಷ್ಟ್ರಿಂದ ಸಿಕ್ಕಿದರೂ ಪರಿಹಾರ ಬಂದದ್ದು ಅವರ ಮನೆಯವರಿಂದ. “ಚೆಲ್ಲಬೇಡಿ. ನೀರು ಬಸಿದು, ಹಸಿಮೆಣಸಿನಕಾಯಿ, ಶುಂಠಿ ಹಾಕಿ ತರಿತರಿಯಾಗಿ ರುಬ್ಬಿ, ಒಂದು ಹಿಡಿ ಅಕ್ಕಿಹಿಟ್ಟು ಬೆರೆಸಿ ವಡೆ ತಟ್ಟಿಬಿಡಿ” ಎಂದರು. ಸಂಜೆಯ ಹೊತ್ತಿಗೆ ನನ್ನ ಆರೋಗ್ಯಕರ ಪಲ್ಯವು ಕಾದ ಎಣ್ಣೆಯಲ್ಲಿ ಕೆಂಪಗೆ ತೇಲುತ್ತಿತ್ತು. ಮೇಷ್ಟ್ರ ಮನೆಗೆ ಎಂಟು ಕೊಟ್ಟು, ಉಳಿದ ಹದಿನಾಲ್ಕನ್ನು ವೈದ್ಯರ ಕಾಗದದಲ್ಲಿದ್ದ ಕಾಳಿನ ಕಾಲು ಭಾಗಕ್ಕೆ ಜಮಾ ಮಾಡಿಕೊಂಡು ನಾನೇ ತಿಂದೆ. ರುಚಿಯಲ್ಲಿ ಯಾವ ದೋಷವೂ ಇರಲಿಲ್ಲ.

ಹೆಂಡತಿಯೊಡನೆ ಫೋನಿನಲ್ಲಿ, ಕಾಳೆಲ್ಲ ಖರ್ಚಾಯಿತೆಂದೂ ದಿನವೂ ಅವುಗಳನ್ನೇ ತಿನ್ನುತ್ತಿದ್ದೇನೆಂದೂ ಸತ್ಯವನ್ನೇ ಹೇಳುತ್ತಾ ಬಂದೆ. ಮೂರು ತಿಂಗಳ ನಂತರ ಬಂದವಳು ಚೀಲವನ್ನೂ ಇಳಿಸದೆ ಅಡುಗೆಮನೆಗೆ ಹೋಗಿ, ತಾನು ತುಂಬಿಸಿಟ್ಟು ಹೋಗಿದ್ದ ಐದು ಲೀಟರಿನ ಎಣ್ಣೆಯ ಕ್ಯಾನನ್ನು ಒಂದೇ ಬೆರಳಿನಲ್ಲಿ ಎತ್ತಿ ಹಿಡಿದು ಕೇಳಿದಳು: “ಇದೆಲ್ಲ ಬರೀ ಒಗ್ಗರಣೆಗೇನ್ರೀ?”