200 ಮೆಗಾಪಿಕ್ಸೆಲ್ ಮತ್ತು ಇತರ ಅರ್ಧಸತ್ಯಗಳು

ಎರಡು ಫೋನುಗಳನ್ನು ಹೋಲಿಸಿ ನೋಡೋಣ ಎಂದು ಕೂತರೆ ಅರ್ಧ ಗಂಟೆಯಲ್ಲಿ ಅವು ಐದಾಗಿರುತ್ತವೆ. ಇನ್ನು ಸ್ವಲ್ಪ ದುಡ್ಡು ಹಾಕಿದರೆ ಎರಡನೆಯದು, ಅದರ ಮೇಲೆ ಸ್ವಲ್ಪ ಹಾಕಿದರೆ ಮೂರನೆಯದು. ಸ್ವಲ್ಪ ಸ್ವಲ್ಪ ಸೇರಿ ಬಜೆಟ್ಟು ಒಂದೂವರೆ ಪಟ್ಟಾದಾಗ, ‘ಹಾಗಾದರೆ ಹೋದ ವರ್ಷದ ಟಾಪ್ ಮಾಡೆಲ್ಲೇ ಬರುತ್ತಲ್ಲ!’ ಎಂಬ ಜ್ಞಾನೋದಯ. ಕಂಪನಿಗಳು ಮೆಟ್ಟಿಲುಗಳನ್ನು ಇಷ್ಟು ಹತ್ತಿರ ಹತ್ತಿರ ಕಟ್ಟುವುದೇ ಅದಕ್ಕೆ. ಹತ್ತುವವರು ಕಾಲ ಕೆಳಗೆ ನೋಡುವುದಿಲ್ಲ, ಡಬ್ಬಿಯ ಮೇಲೆ ದಪ್ಪಗೆ ಅಚ್ಚಾದ ಅಂಕಿಗಳನ್ನು ನೋಡುತ್ತಾರೆ.

ಆ ಅಂಕಿಗಳಲ್ಲಿ ಹಿರಿಯಣ್ಣ ಕ್ಯಾಮೆರಾದ ಮೆಗಾಪಿಕ್ಸೆಲ್, ಅಂದರೆ ಚಿತ್ರದ ಚುಕ್ಕೆಗಳ (ಪಿಕ್ಸೆಲ್‌ಗಳ) ಎಣಿಕೆ, ಹತ್ತು ಲಕ್ಷದ ಲೆಕ್ಕದಲ್ಲಿ. ಒಂದರಲ್ಲಿ 50, ಇನ್ನೊಂದರಲ್ಲಿ 200. ನಾಲ್ಕು ಪಟ್ಟು ಎಂದು ಕುಣಿಯುವ ಮೊದಲು ತೆಗೆದ ಫೋಟೊದ ವಿವರ ತೆರೆದು ನೋಡಬೇಕು. 50ರ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ನಾಲ್ಕು ಪಿಕ್ಸೆಲ್‌ಗಳನ್ನು ಕೂಡಿಸಿ ಒಂದು ಮಾಡಿದರೆ ಸಿಗುವುದು 12.5. 200ರ ಸೆನ್ಸರ್ ಹದಿನಾರನ್ನು ಕೂಡಿಸಿ ಒಂದು ಮಾಡಿದರೂ ಅದೇ 12.5. ಮಬ್ಬು ಬೆಳಕಿನಲ್ಲಿ ಒಂಟಿ ಪಿಕ್ಸೆಲ್‌ನ ಸಂಪಾದನೆ ಸಾಲದು, ಅದಕ್ಕೇ ಈ ಅವಿಭಕ್ತ ಕುಟುಂಬ. ಛಲ ಬಿಡದೆ ಪೂರ್ತಿ 200ಕ್ಕೇ ಹಾಕಿ ತೆಗೆದರೆ ಫೈಲು ಹತ್ತಾರು ಎಂಬಿ ತೂಗುತ್ತದೆ. ವಾಟ್ಸ್‌ಆ್ಯಪ್ ಅದನ್ನು ಹಿಂಡಿ ಹಿಪ್ಪೆ ಮಾಡಿ ಆಚೆ ದಾಟಿಸುತ್ತದೆ.

ನೋಡಬೇಕಾದದ್ದು ಸೆನ್ಸರ್‌ನ ಅಳತೆ. 1/1.3 ಇಂಚು ಎಂದಿದ್ದರೆ ದೊಡ್ಡದು, 1/2.76 ಎಂದಿದ್ದರೆ ಚಿಕ್ಕದು. ಎರಡನೆಯದೇ ದೊಡ್ಡದೆಂದು ಟಿಕ್ ಹಾಕುವವರು ಭಿನ್ನರಾಶಿ ಪಾಠದ ದಿನ ಶಾಲೆಗೆ ಚಕ್ಕರ್ ಹೊಡೆದವರು. ಜೊತೆಗೆ ಕೈನಡುಕ ತಡೆಯುವ ಓಐಎಸ್ ಇದೆಯೇ ಎಂದೂ ನೋಡಿ. ಅಗ್ಗದ ಫೋನಿನ ಮೂರು ಕಣ್ಣುಗಳಲ್ಲಿ ಮೂರನೆಯದು 2 ಮೆಗಾಪಿಕ್ಸೆಲ್ ಮ್ಯಾಕ್ರೋ (ತೀರಾ ಹತ್ತಿರದಿಂದ ತೆಗೆಯುವ ಕ್ಯಾಮೆರಾ) ಆಗಿದ್ದರೆ ಅದು ಶಿವನ ಮೂರನೇ ಕಣ್ಣೇನಲ್ಲ, ಲೆಕ್ಕಕ್ಕುಂಟು ಆಟಕ್ಕಿಲ್ಲ. ಇನ್ನು 100 ಪಟ್ಟು ಜೂಮ್: ಲೆನ್ಸಿನ ಕೈ ಮೂರೋ ಐದೋ ಪಟ್ಟಿಗೆ ಸೋತ ಮೇಲೆ ಉಳಿದದ್ದು ಚಿತ್ರವನ್ನು ಕತ್ತರಿಸಿ ಹಿಗ್ಗಿಸುವ ಕೆಲಸ. ದೂರದ ಬೆಟ್ಟ ನುಣ್ಣಗೆ ಎಂಬುದನ್ನು ಇಷ್ಟು ಶ್ರದ್ಧೆಯಿಂದ ಪಾಲಿಸುವ ಯಂತ್ರ ಬೇರೊಂದಿಲ್ಲ.

ಚಾರ್ಜಿಂಗ್ ಸಾಲಿನಲ್ಲಿ ಒಂದು ಕಡೆ 120 ವ್ಯಾಟ್, ಇನ್ನೊಂದು ಕಡೆ 45. ಅಷ್ಟೂ ವ್ಯಾಟ್ ಹರಿಯುವುದು ಶುರುವಿನ ಕೆಲವೇ ನಿಮಿಷ. ಬ್ಯಾಟರಿ ಬಿಸಿಯಾದಂತೆ, ತುಂಬುತ್ತ ಬಂದಂತೆ ಫೋನೇ ಕರೆಂಟನ್ನು ತಗ್ಗಿಸುತ್ತದೆ. 80 ಶೇಕಡಾ ದಾಟಿದ ಮೇಲೆ ಎಲ್ಲ ಫೋನುಗಳೂ ಆಮೆಯ ಕುಲದವೇ. ಹಾಗಾಗಿ ವ್ಯಾಟ್ ಬಿಟ್ಟು ಸೊನ್ನೆಯಿಂದ ನೂರಕ್ಕೆ ಎಷ್ಟು ನಿಮಿಷ ಎಂದು ಹುಡುಕಿ. ಎಡವಟ್ಟಾಗುವುದು ಕೇಬಲ್ಲಿನಲ್ಲಿ. ಕಂಪನಿಯ ಸ್ವಂತ ವೇಗದ ಚಾರ್ಜಿಂಗಿಗೆ ಅದರದೇ ಅಡಾಪ್ಟರ್, ಅದರದೇ ಕೇಬಲ್ ಬೇಕು. ಡ್ರಾಯರಿನಲ್ಲಿ ಸಿಕ್ಕಿದ ಹಳೇ ಟೈಪ್-ಸಿ ಚುಚ್ಚಿದರೆ 120 ವ್ಯಾಟಿನ ಶೂರ 10-15 ವ್ಯಾಟ್ ಗುಟುಕರಿಸುತ್ತ ಕೂರಬಹುದು. ಅಡಾಪ್ಟರ್ ಡಬ್ಬಿಯೊಳಗೆ ಬರುತ್ತದೆಯೇ ಎಂಬುದು ಹೋಲಿಕೆ ಪಟ್ಟಿಯಲ್ಲಿ ತೀರಾ ಕೆಳಗೆ, ತೀರಾ ಸಣ್ಣಕ್ಷರದಲ್ಲಿರುತ್ತದೆ.

ರ್‍ಯಾಮ್ ‘8+8 ಜಿಬಿ’ ಎಂದಿದ್ದರೆ ಎರಡನೇ 8 ಸ್ಟೋರೇಜಿನಿಂದ ಕಡ ತಂದದ್ದು. ಅದರ ವೇಗ ನಿಜವಾದ ರ್‍ಯಾಮಿನ ಹತ್ತಿರಕ್ಕೂ ಬಾರದು, ಜಾಗವೂ ಹೋಯಿತು. ಜಾಗದ ಮಾತೆತ್ತಿದರೆ, ಸಾವಿರದ ಲೆಕ್ಕದ 128 ಜಿಬಿ 1024ರ ಲೆಕ್ಕದಲ್ಲಿ 119; ಸಿಸ್ಟಮ್ಮು ತನ್ನ ಪಾಲು ಮೊದಲೇ ಎತ್ತಿಟ್ಟುಕೊಂಡಿರುತ್ತದೆ. ಮೆಮೊರಿ ಕಾರ್ಡ್ ಹಾಕೋಣವೆಂದರೆ ಟ್ರೇ ಹೈಬ್ರಿಡ್: ಕಾರ್ಡ್ ಬೇಕೋ, ಎರಡನೇ ಸಿಮ್ ಬೇಕೋ ಆರಿಸಿಕೊಳ್ಳಿ. ಪರದೆಯ ವಿಷಯಕ್ಕೆ ಬಂದರೆ, 4500 ನಿಟ್ಸ್ (ಹೊಳಪಿನ ಅಳತೆ) ಬೆಳಕು ಸಾಮಾನ್ಯವಾಗಿ ಪರದೆಯ ಒಂದು ಪುಟ್ಟ ಮೂಲೆಯಲ್ಲಿ, ಬೆಳಕು-ಕತ್ತಲೆಯ ವ್ಯತ್ಯಾಸ ಹೆಚ್ಚಿಸಿ ತೋರಿಸುವ ಎಚ್‌ಡಿಆರ್ ವಿಡಿಯೊ ಓಡುವಾಗ ಮಾತ್ರ. ಬಿಸಿಲಲ್ಲಿ ಮೆಸೇಜ್ ಓದಲು ಬೇಕಾದದ್ದು ಎಚ್‌ಬಿಎಂ (ಹೈ ಬ್ರೈಟ್‌ನೆಸ್ ಮೋಡ್) ಎಂದು ಬರೆದಿರುವ ಚಿಕ್ಕ ಅಂಕಿ.

ಧೂಳು, ನೀರು ತಡೆಯುವ ದರ್ಜೆ ಐಪಿ68 ಎಂದಾಕ್ಷಣ ಫೋನು ಈಜುಕೊಳಕ್ಕಿಳಿಯುತ್ತದೆ. ಪರೀಕ್ಷೆ ನಡೆದದ್ದು ಹೊಸ ಫೋನಿನ ಮೇಲೆ, ಉಪ್ಪಾಗಲಿ ಕ್ಲೋರಿನ್ನಾಗಲಿ ಇಲ್ಲದ ನಿಂತ ನೀರಿನಲ್ಲಿ. ಒಮ್ಮೆ ಕೈಜಾರಿ ಬಿದ್ದು ಅಂಟು ಸಡಿಲಾದರೆ 68 ಬರೀ ಅಂಕಿ. ನೀರು ಹೊಕ್ಕು ಕೆಟ್ಟರೆ ಬಹುಪಾಲು ವಾರಂಟಿಗಳು ಕೈ ಚೆಲ್ಲುತ್ತವೆ.

ಹೋದ ವರ್ಷದ ಟಾಪ್ ಮಾಡೆಲ್ ಇಷ್ಟರ ನಡುವೆಯೂ ಒಳ್ಳೆಯ ಆಯ್ಕೆಯೇ, ಒಂದು ಕಳೆಯುವ ಲೆಕ್ಕ ಮಾಡಿಕೊಂಡರೆ. ಅಪ್‌ಡೇಟ್ ಕೊಡುವ ವರ್ಷಗಳನ್ನು ಸಾಮಾನ್ಯವಾಗಿ ಎಣಿಸುವುದು ಫೋನು ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ನಾಲ್ಕು ವರ್ಷದ ಭರವಸೆ ನಿಮ್ಮ ಕೈ ಸೇರುವಷ್ಟರಲ್ಲಿ ಮೂರು.

ಕೊನೆಗೆ ಬೆಲೆ. ‘ಇಷ್ಟರಿಂದ ಆರಂಭ’ ಎಂಬ ಬೆಲೆ 6+128ರ (6 ಜಿಬಿ ರ್‍ಯಾಮ್, 128 ಜಿಬಿ ಸ್ಟೋರೇಜ್) ವೇರಿಯಂಟಿನದು. ವಿಮರ್ಶಕರು ಹೊಗಳಿದ್ದು 12+256ರದು. ಬೆಲೆಯ ತಲೆಯ ಮೇಲೊಂದು ನಕ್ಷತ್ರವಿದ್ದರೆ ಬ್ಯಾಂಕ್ ಆಫರನ್ನೂ ಎಕ್ಸ್‌ಚೇಂಜ್ ಮೊತ್ತವನ್ನೂ ಆಗಲೇ ಕಳೆದಿರಬಹುದು. ಹೋಲಿಸುವುದಾದರೆ ಒಂದೇ ರ್‍ಯಾಮ್, ಒಂದೇ ಸ್ಟೋರೇಜ್ ಇರುವವನ್ನು ಎದುರುಬದುರು ಇಡಿ. ಚಾರ್ಜರ್, ಕವರ್, ಗ್ಲಾಸಿನ ದುಡ್ಡನ್ನು ಎರಡೂ ಕಡೆ ಕೂಡಿಸಿ, ಎಕ್ಸ್‌ಚೇಂಜನ್ನು ಕಳೆಯಲು ಹೋಗಬೇಡಿ. ಆ ಮೊತ್ತ ನಿಜವಾಗಿ ಎಷ್ಟೆಂಬುದು ಗೊತ್ತಾಗುವುದು, ಹಳೇ ಫೋನು ಒಯ್ಯಲು ಬಂದವನು ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು, ಗೀರು ಕಂಡು, ‘ಛೆ’ ಎಂದ ಮೇಲೆ.