ಬೆಕ್ಕಿಗೂ ಬೇಜಾರಾಗುತ್ತೆ, ನೋವೂ ಆಗುತ್ತೆ

ನಮ್ಮ ಚುಕ್ಕಿಗೆ ಈಗ 15 ವರ್ಷ. ಮನುಷ್ಯರ ಲೆಕ್ಕಕ್ಕೆ ಎಪ್ಪತ್ತೈದು ದಾಟಿದ ಅಜ್ಜಿ. ಹೋದ ಮಳೆಗಾಲದಲ್ಲಿ ಅಪ್ಪ ತೀರಿಕೊಂಡ ಮೇಲೆ ಅವರ ಆರಾಮಕುರ್ಚಿಯ ಕೆಳಗೆ ಹೋಗಿ ಕೂತವಳು, ಹೊರಗೆ ಬರೋದನ್ನೇ ಕಡಿಮೆ ಮಾಡಿದಳು. ಕರೆದರೆ ಕಿವಿ ಮಾತ್ರ ಈ ಕಡೆ ತಿರುಗುತ್ತಿತ್ತು. ದಿನವಿಡೀ ಮೈ ನೆಕ್ಕಿಕೊಂಡು ಬೆಳ್ಳಗೆ ಹೊಳೆಯುತ್ತಿದ್ದವಳ ಬಾಲದ ಬುಡದಲ್ಲಿ ರೋಮ ಗಂಟು ಕಟ್ಟಿತ್ತು.

"ವಯಸ್ಸಾಯ್ತಲ್ಲ, ಬಿಡಿ" ಅಂದರು ಎಲ್ಲರೂ. ಈ ಮಾತು ಕೇಳಿದರೆ ನನಗೆ ಈಗ ನಿಜವಾಗಿ ಸಿಟ್ಟು ಬರುತ್ತೆ. ಆದರೆ ನಾನು ಮಾಡಿದ್ದೂ ಅಂಥದ್ದೇ. ಅಪ್ಪ ಇಲ್ಲದ ಕೊರಗು, ದಿನ ಕಳೆದಂತೆ ಸರಿಹೋಗುತ್ತೆ ಅಂತ ಒಂದು ತಿಂಗಳು ಸುಮ್ಮನಿದ್ದೆ.

ಒಂದು ಸಂಜೆ ನೋಡಿದೆ. ಕಿಟಕಿ ಕಟ್ಟೆಯ ಕೆಳಗೆ ನಿಂತು ಮೇಲೆ ದಿಟ್ಟಿಸಿದಳು. ಮುಂಗಾಲು ಗೋಡೆಗೆ ಇಟ್ಟಳು. ಹಿಂಗಾಲು ಒಮ್ಮೆ ನಡುಗಿತು. ಕಾಲು ಇಳಿಸಿ ವಾಪಸ್ ಕುರ್ಚಿಯ ಕೆಳಗೆ ಹೋದಳು. ಮಾರನೇ ದಿನವೇ ಡಾಕ್ಟರ ಹತ್ತಿರ ಓಡಿದೆ. ರಕ್ತ, ಮೂತ್ರ, ಬಿಪಿ, ಎಕ್ಸ್‌ರೇ ಎಲ್ಲ ಆಯ್ತು. ಸೊಂಟದ ಕೀಲು ಸವೆದಿತ್ತು, ಕಿಡ್ನಿಯೂ ಸೋಲೋಕೆ ಶುರುವಾಗಿತ್ತು. ಮೈ ತಿರುಗಿಸಿದರೆ ನೋವು, ಅದಕ್ಕೇ ನೆಕ್ಕಿಕೊಳ್ಳುತ್ತಿರಲಿಲ್ಲ. ಹಾರದೆ ತಲುಪಬಹುದಾದ ಜಾಗ ಅಂದರೆ ಆ ಕುರ್ಚಿಯ ಕೆಳಗೊಂದೇ. ಅಪ್ಪನ ವಾಸನೆಗೂ ಅಲ್ಲಿ ಕೂತಿದ್ದಳು ಅಂತ ನಾನು ಈಗಲೂ ನಂಬುತ್ತೇನೆ.

ಬೆಕ್ಕು ನೋವನ್ನು ಬಚ್ಚಿಡುವ ಪ್ರಾಣಿ. ಮುದಿ ಬೆಕ್ಕು ಮಂಕಾದರೆ ಮೊದಲು ಡಾಕ್ಟರಿಗೆ ಮೈ ತೋರಿಸಿ, ಮನಸ್ಸಿನ ಮಾತು ಆಮೇಲೆ. ರಾತ್ರಿ ಎರಡು ಗಂಟೆಗೆ ಎದ್ದು ಕೂಗಿದರೂ ಬೈಯಬೇಡಿ. ಥೈರಾಯ್ಡ್ ಇರಬಹುದು, ಬಿಪಿ ಇರಬಹುದು, ಮನುಷ್ಯರ ಹಾಗೆ ಮರೆವೂ ಇರಬಹುದು. ಎರಡು ದಿನ ಊಟ ಬಿಟ್ಟರಂತೂ ಕಾಯಲೇಬೇಡಿ, ಲಿವರ್‌ನಲ್ಲಿ ಕೊಬ್ಬು ತುಂಬಿಕೊಂಡು ಜೀವಕ್ಕೇ ಕುತ್ತು ಬರುತ್ತೆ. ಇನ್ನೊಂದು, ಕೈಮುಗಿದು ಹೇಳ್ತೀನಿ: ಮನೆಯಲ್ಲಿರೋ ಪ್ಯಾರಾಸಿಟಮಾಲ್ ಕೊಡಬೇಡಿ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

ಜೊತೆಗಿರಲಿ ಅಂತ ಚಿಕ್ಕಮ್ಮ ಒಂದು ಮರಿ ತಂದುಕೊಟ್ಟರು. ಅದು ಚುಕ್ಕಿಯ ಬಾಲ ಹಿಡಿದು ಆಡೋದು, ಇವಳು ಊಟದ ತಟ್ಟೆಯ ಹತ್ತಿರವೂ ಬರದಾದಳು. ನಾಲ್ಕೇ ದಿನಕ್ಕೆ ಮರಿಯನ್ನು ವಾಪಸ್ ಕಳಿಸಿದೆ.

ಈಗ ಡಾಕ್ಟರು ಬರೆದುಕೊಟ್ಟ ನೋವಿನ ಔಷಧಿ ನಡೀತಿದೆ. ಊಟ ಉಗುರುಬೆಚ್ಚಗೆ ಮಾಡಿಡ್ತೀನಿ, ವಾಸನೆ ಎದ್ದರೆ ಮೂತಿ ಹಾಕ್ತಾಳೆ. ಮರಳಿನ ಟ್ರೇಯ ಒಂದು ಅಂಚು ಕತ್ತರಿಸಿ ತಗ್ಗು ಮಾಡಿದೆ. ಕಿಟಕಿ ಕಟ್ಟೆಗೆ ಹಲಗೆಯ ಮೂರು ಮೆಟ್ಟಿಲು ಹೊಡೆಸಿ ಗೋಣಿತಾಟು ಹಾಸಿದೆ. ಅಪ್ಪನ ಟವೆಲ್ ಒಗೆಯದೆ ಹಾಗೇ ಕುರ್ಚಿಯ ಕೆಳಗೆ ಇಟ್ಟಿದ್ದೀನಿ. ಸಂಜೆ ನಾಲ್ಕಕ್ಕೆ ಅವರು ಚಮಚದಿಂದ ತಟ್ಟೆ ತಟ್ಟಿ ಕರೀತಿದ್ದರು, ಅದೇ ಹೊತ್ತಿಗೆ ನಾನೂ ತಟ್ತೀನಿ.

ನಿನ್ನೆ ಎರಡನೇ ಮೆಟ್ಟಿಲವರೆಗೆ ಹತ್ತಿದಳು. ಅಲ್ಲೇ ಕೂತು, ನಿಧಾನಕ್ಕೆ ಕತ್ತು ತಿರುಗಿಸಿ, ಭುಜ ನೆಕ್ಕಿಕೊಂಡಳು.